ಗುಳ್ಳಕಾಯಿಯಷ್ಟು ಹೆಪ್ಪು

ಧನುರ್ಮಾಸದ ಬೆಳಗು. ಹಾಸನದ ಬಸ್ ನಿಲ್ದಾಣದಲ್ಲಿ ಹೊಳೆನರಸೀಪುರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಮಾತಾಡಿದರೆ ಬಾಯಿಂದ ಹೊಗೆ. ಪಕ್ಕದಲ್ಲೇ ಅಮ್ಮನ ಸೆರಗು ಹಿಡಿದು ನಿಂತ ಒಬ್ಬ ಹುಡುಗ, ಏಳೆಂಟು ವರ್ಷದವನಿರಬೇಕು, ತನ್ನ ಮುಂಗೈ ಮೇಲೆ ಉಗುರಿನಿಂದ 'ರ' ಅಂತ ಬರೆಯುತ್ತಿದ್ದ. ಗೀರಿದಲ್ಲೆಲ್ಲ ಬಿಳಿ ಗೆರೆ! ಬಳಪ ಬೇಡ, ಸ್ಲೇಟು ಬೇಡ. ಬರೆದ, ನೋಡಿದ, ನಾಲಗೆಯಿಂದ ನೆಕ್ಕಿ ಅಳಿಸಿದ. ಎರಡು ನಿಮಿಷದಲ್ಲಿ ಕೈ ಒಣಗಿತು. ಮತ್ತೆ 'ಮ' ಬರೆದ.

ನಾವೆಲ್ಲ ಹೀಗೇ ಬರೆದವರು. 900 ಮೀಟರಿಗೂ ಎತ್ತರದಲ್ಲಿರುವ ಊರು ನಮ್ಮದು, 'ಬಡವರ ಊಟಿ' ಅಂತ ಬೇರೆ ಹೆಸರು. ಆ ಹೆಸರಿನ ಬೆಲೆಯನ್ನು ಡಿಸೆಂಬರಿನಲ್ಲಿ ತೆರುವುದು ಚರ್ಮ. ಆಲೂಗಡ್ಡೆ ಹೊಲದಲ್ಲಿ ನಿಂತವರ ಹಿಮ್ಮಡಿ ನೋಡಬೇಕು, ಬೇಸಗೆಯ ಕೆರೆಯಂಗಳದ ಹಾಗೆ ಬಿರಿದಿರುತ್ತದೆ. ಅರಕಲಗೂಡಿನ ಕಡೆ ಹೊಗೆಸೊಪ್ಪು ಹದ ಮಾಡುವವರ ಕೈಗಳದ್ದು ಇನ್ನೊಂದು ಕಥೆ.

ನೆಕ್ಕಿ ಹಚ್ಚಿದ ನೀರು ಎರಡು ನಿಮಿಷವೂ ಯಾಕೆ ನಿಲ್ಲುವುದಿಲ್ಲ? ಇಡೀ ಮೈಯೇ ನೀರಿನ ಚೀಲ. ಒಳಗೆ ಅಷ್ಟು ನೀರಿಟ್ಟುಕೊಂಡು ಹೊರಗೆ ಬೂದಿ ಬಳಿದ ಹಾಗೆ ಯಾಕೆ? ಈ ಪ್ರಶ್ನೆಯ ಬಾಲ ಹಿಡಿದು ಹೊರಟ ನಾನು ಕೊನೆಗೆ ಬಂದು ನಿಂತದ್ದು ಎಲ್ಲಿ ಗೊತ್ತೇ? ನಮ್ಮ ಅಜ್ಜಿಯ ಮೊಸರು ಗಡಿಗೆಯ ಮುಂದೆ!

ಮೊದಲು ಗೋಡೆಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಚರ್ಮದ ಅತ್ಯಂತ ಮೇಲಿನ ಪದರ ಸುಮಾರು 0.02 ಮಿಲಿಮೀಟರ್ ದಪ್ಪ. ನೋಟುಬುಕ್ಕಿನ ಹಾಳೆಯನ್ನು ದಪ್ಪದಲ್ಲಿ ಐದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟರೊಳಗೇ ಹದಿನೈದು ಇಪ್ಪತ್ತು ಸಾಲು ಸತ್ತ ಕೋಶಗಳು, ಚಪ್ಪಟೆಯಾಗಿ ಒಂದರ ಮೇಲೊಂದು. ಅಮೆರಿಕದ ಚರ್ಮತಜ್ಞ ಪೀಟರ್ ಎಲಿಯಾಸ್ 1980ರ ದಶಕದಲ್ಲಿ ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸಿದರು. ಸತ್ತ ಕೋಶಗಳು ಇಟ್ಟಿಗೆ. ಅವುಗಳ ನಡುವೆ ಮೆತ್ತಿರುವ ಜಿಡ್ಡು ಗಾರೆ. ನೀರನ್ನು ಹಿಡಿಯುವುದು ಇಟ್ಟಿಗೆಯಾದರೆ, ಅದು ಹೊರಗೆ ಓಡದಂತೆ ತಡೆಯುವುದು ಗಾರೆ. ಗಾರೆ ಉದುರಿದ ಗೋಡೆಗೆ ಎಷ್ಟು ಕೊಡ ನೀರು ಹೊಯ್ದರೇನು, ಸಂದಿಯಲ್ಲಿ ಸೋರಿಹೋಗುತ್ತದೆ. ಬಿರುಕಿಲ್ಲದ, ಆರೋಗ್ಯವಂತ ಚರ್ಮದಿಂದಲೂ ನಮಗೆ ಗೊತ್ತಾಗದ ಹಾಗೆ ದಿನಕ್ಕೆ ಕಾಲು ಲೀಟರಿಗೂ ಹೆಚ್ಚು ನೀರು ಆವಿಯಾಗುತ್ತದೆ. ಬೆವರಲ್ಲ, ಬರೀ ಸೋರಿಕೆ. ಆ ಮೇಲ್ಪದರದ ನೀರಿನಂಶ ಶೇಕಡಾ 10ಕ್ಕಿಂತ ಕೆಳಗಿಳಿಯಿತೋ, ಸಿಪ್ಪೆ ಏಳಲು ಶುರು. ಹುಡುಗನ ಸ್ಲೇಟು ಸಿದ್ಧ.

ಆ ಗಾರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಒಂದೇ ಜಾತಿಯ ಜಿಡ್ಡು. ಹೆಸರು ಸೆರಮೈಡ್. ಹೆಸರಿನೊಳಗೇ ಲ್ಯಾಟಿನಿನ ಮೇಣ ಕೂತಿದೆ. ಇದರ ಬೆನ್ನೆಲುಬಾದ ರಾಸಾಯನಿಕವನ್ನು ಮಿದುಳಿನಲ್ಲಿ ಮೊದಲು ಗುರುತಿಸಿದವರು ಥೂಡಿಕುಮ್ ಎಂಬ ವೈದ್ಯರು. 1884ರಲ್ಲಿ ಅದಕ್ಕೊಂದು ಹೆಸರು ಕೊಡಬೇಕಾಗಿ ಬಂದಾಗ, ಇದರ ಕೆಲಸ ಏನೆಂದು ತಲೆಬುಡ ತಿಳಿಯದೆ, ಒಗಟು ಕೇಳುವ ಗ್ರೀಕ್ ಪುರಾಣದ ಸ್ಫಿಂಕ್ಸ್ ಪ್ರಾಣಿಯ ಹೆಸರನ್ನೇ ಇಟ್ಟುಬಿಟ್ಟರು: ಸ್ಫಿಂಗೊಸಿನ್. ಮಿದುಳಿನಲ್ಲಿ ಸಿಕ್ಕ ಒಗಟು ಹಿಮ್ಮಡಿಯಲ್ಲೂ ಇದೆ! ಇದನ್ನು ಓದಿದಾಗಲೇ ನನಗೆ ಅರ್ಧ ತಲೆ ತಿರುಗಿತ್ತು. ಉಳಿದರ್ಧ ತಿರುಗಿದ್ದು ಮುಂದಿನ ಪುಟದಲ್ಲಿ.

ಚರ್ಮದ ಕೋಶಗಳಲ್ಲಿ ಸ್ಫಿಂಗೊಮೈಲಿನ್ ಅಂತ ಒಂದು ಕಚ್ಚಾ ಮಾಲು ಇರುತ್ತದೆ. ಅದರ ತಲೆಯನ್ನು ಒಂದು ಕಿಣ್ವ ಕಚಕ್ ಅಂತ ಕತ್ತರಿಸಿದರೆ ಉಳಿಯುವುದೇ ಸೆರಮೈಡ್. ಎಳನೀರು ಕೆತ್ತಿದ ಹಾಗೆ, ಒಂದೇ ಏಟು. ಚನ್ನರಾಯಪಟ್ಟಣದ ಕಡೆಯವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ಆ ಕಿಣ್ವವೆಂಬ ಮಚ್ಚು ನಮ್ಮ ಚರ್ಮದಲ್ಲೂ ಇದೆ. ಇಟಲಿಯ ಲಾಕ್ವಿಲಾ ಊರಿನ ಸಂಶೋಧಕರಿಗೆ ಅದೇ ಮಚ್ಚು ಇನ್ನೊಂದು ಕಡೆ ಸಿಕ್ಕಿತು. ಒಂದು ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ. ಅದರ ಹೆಸರು ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್.

ಮೊಸರಿನ ಬ್ಯಾಕ್ಟೀರಿಯಾ!

ಹಾಲಿಗೆ ಹೆಪ್ಪು ಹಾಕಿದಾಗ ರಾತ್ರಿಯಿಡೀ ಕೂತು ಸಕ್ಕರೆ ತಿಂದು ಹುಳಿ ಕಾರುವ ಜೀವಿಗಳಲ್ಲಿ ಒಂದು. ಅವರು ಈ ಬ್ಯಾಕ್ಟೀರಿಯಾವನ್ನು ಒಡೆದು, ಕ್ರೀಮಿನಲ್ಲಿ ಬೆರೆಸಿ, 17 ಜನ ಆರೋಗ್ಯವಂತರ ಚರ್ಮಕ್ಕೆ 7 ದಿನ ಹಚ್ಚಿಸಿದರು. ಚರ್ಮದ ಮೇಲ್ಪದರದಲ್ಲಿ ಸೆರಮೈಡ್ ಏರಿತು. ವರದಿ ಬಂದದ್ದು 1999ರಲ್ಲಿ. 2003ರಲ್ಲಿ ಇಸುಬಿನಂಥ ಒಣ ತುರಿಕೆಯ ರೋಗಿಗಳ ಮೇಲೆ ಪರೀಕ್ಷೆ ನಡೆಯಿತು, 2008ರಲ್ಲಿ ವಯಸ್ಸಾದ ಹೆಂಗಸರ ಮೇಲೆ. ವಯಸ್ಸಾದಂತೆ ಗಾರೆ ಕರಗುವುದು ಸಹಜ. ಆ ಹೆಂಗಸರಲ್ಲಿ ಸೆರಮೈಡಿನ ಜೊತೆಗೆ ಚರ್ಮದ ನೀರಿನಂಶವೂ ಹೆಚ್ಚಿತು.

ಓದುತ್ತಿದ್ದವನು ಪುಟ ಮಡಚಿಟ್ಟು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದು ನಿಂತುಕೊಂಡೆ. ಮನೆಯವರು, "ಏನು ಹುಡುಕ್ತಿದೀರಿ?" ಅಂದರು. ಏನಂತ ಹೇಳಲಿ? ಮಚ್ಚು ಹುಡುಕುತ್ತಿದ್ದೇನೆ ಅನ್ನಲೇ?

ಈ ಥರ್ಮೋಫಿಲಸ್ಸಿನ ಮನೆತನದ ಕಥೆ ಇನ್ನೂ ಚೆಂದ. ಗಂಟಲು ಕೆರೆತ ತರುವ, ನ್ಯುಮೋನಿಯಾ ತರುವ ಸ್ಟ್ರೆಪ್ಟೊಕಾಕಸ್‌ಗಳು ಇದರ ಹತ್ತಿರದ ದಾಯಾದಿಗಳು. 2004ರಲ್ಲಿ ಇದರ ಪೂರ್ತಿ ಜೀನುಗಳನ್ನು ಓದಿದವರಿಗೆ ಕಂಡದ್ದು, ರೋಗ ತರುವ ಜೀನುಗಳು ಕೆಟ್ಟು ಮೂಲೆ ಸೇರಿವೆ, ಕೆಲವು ಮಾಯವೇ ಆಗಿವೆ. ಹಾಲಿನಲ್ಲಿ ಬದುಕುತ್ತ ಬದುಕುತ್ತ ಸಾವಿರಾರು ವರ್ಷದಲ್ಲಿ ಈ ಪುಂಡ ಸಾಧುವಾಗಿಬಿಟ್ಟಿದ್ದಾನೆ. ಕಾಡುನಾಯಿ ಮನೆನಾಯಿ ಆದದ್ದನ್ನು ಪಾಠ ಮಾಡುತ್ತೇವೆ. ಗಡಿಗೆಯೊಳಗೆ ಪಳಗಿದ ಇದನ್ನು ಯಾರೂ ಹೇಳಿಕೊಡಲಿಲ್ಲವಲ್ಲ.

ಥರ್ಮೋಫಿಲಸ್ ಎಂದರೆ ಬಿಸಿಯನ್ನು ಇಷ್ಟಪಡುವುದು ಅಂತ ಅರ್ಥ. 40 ಡಿಗ್ರಿ ಆಸುಪಾಸು ಅದಕ್ಕೆ ಹಿತ. ನಮ್ಮ ಅಜ್ಜಿ ಆ ಹೆಸರು ಕೇಳಿದವಳಲ್ಲ. ಆದರೆ ಮಾಗಿಯಲ್ಲಿ ಹಾಲು ಕಾಯಿಸಿ, ಕಿರುಬೆರಳು ಅದ್ದಿ, ಹತ್ತು ಎಣಿಸುವಷ್ಟು ಹೊತ್ತು ತಡೆಯುವ ಬಿಸಿ ಬಂದಾಗ ಹೆಪ್ಪು ಹಾಕಿ, ಗಡಿಗೆಗೆ ಹಳೇ ಪಂಚೆ ಸುತ್ತಿ ಅಕ್ಕಿ ಡಬ್ಬದೊಳಗೆ ಕತ್ತಿನವರೆಗೆ ಹೂಳುತ್ತಿದ್ದಳು. ಕೆಲವು ರಾತ್ರಿ ನೀರೊಲೆಯ ಬೂದಿಯ ಪಕ್ಕ. ಯಾಕಜ್ಜಿ ಅಂದರೆ, "ಮೊಸರಿಗೆ ಜೀವ ಐತೆ ಕಣ್ ಮಗ, ಚಳೀಲಿ ಅದ್ಕೂ ಮೈ ನಡುಗ್ತದೆ" ಅನ್ನುತ್ತಿದ್ದಳು. ನಾವು ನಗುತ್ತಿದ್ದೆವು. ಈಗ ಮೈಕ್ರೋಬಯಾಲಜಿ ಪುಸ್ತಕ ತೆರೆದರೆ ಪುಟದ ಮೇಲೆ ಅಜ್ಜಿಯ ಕಿರುಬೆರಳು ಕಾಣುತ್ತದೆ.

ಅವಳಿಗೊಂದು ವಿಚಿತ್ರ ಕಾನೂನೂ ಇತ್ತು. ಚಳಿಗಾಲದ ರಾತ್ರಿ ನಮಗೆ ಮೊಸರು ಉಣ್ಣಲು ಬಿಡಳು, ಶೀತ ಅಂತ. ಅದೇ ಮೊಸರಿನ ಕೆನೆಯನ್ನು ಕಡಲೆಹಿಟ್ಟಿನ ಜೊತೆ ಕಲೆಸಿ ಬೆಳಿಗ್ಗೆ ಕೈಕಾಲಿಗೆ ತಿಕ್ಕಿ ಹಂಡೆ ನೀರು ಹೊಯ್ಯುವಳು. ಹೊಟ್ಟೆಗೆ ಬೇಡ, ಮೈಗೆ ಬೇಕು! ಮೊಸರಿನ ಲ್ಯಾಕ್ಟಿಕ್ ಆಮ್ಲ ಚರ್ಮಕ್ಕೆ ಹೊಸಬನಲ್ಲ. ನಮ್ಮ ಚರ್ಮವೇ ತನ್ನೊಳಗೆ ನೀರು ಹಿಡಿದಿಡಲು ಅಮೈನೋ ಆಮ್ಲ, ಯೂರಿಯಾ, ಲ್ಯಾಕ್ಟೇಟುಗಳ ಒಂದು ಪಾಕ ಮಾಡಿಕೊಂಡಿರುತ್ತದೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲ್ಯಾಕ್ಟಿಕ್ ಆಮ್ಲದ ಒಂದು ರೂಪ ಚರ್ಮದ ಕೋಶಗಳಿಂದ ಹೆಚ್ಚು ಸೆರಮೈಡ್ ಮಾಡಿಸಿದ್ದೂ ಕಂಡಿದೆ. ಇನ್ನೂ ಹಿಂದೆ, 1928ರಲ್ಲೇ, ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನಿನಿ ಚರ್ಮದ ಮೇಲೆ ಆಮ್ಲದ ತೆಳು ಹೊದಿಕೆ ಇರುವುದನ್ನು ಬರೆದಿಟ್ಟರು. ಅದರ ಪಿಎಚ್ ಸುಮಾರು 5. ಮೊಸರಿನದ್ದು ಇದಕ್ಕೆ ಸ್ವಲ್ಪ ಕೆಳಗೆ. ಅಂದರೆ ನಾವೆಲ್ಲ ಮೇಲಿನಿಂದ ಕೆಳಗಿನವರೆಗೆ ತೆಳ್ಳಗೆ ಹುಳಿಯಾಗಿರುವ ಜನ! ಗಾರೆ ಕಲೆಸುವ ಕಿಣ್ವಗಳು ಚೆನ್ನಾಗಿ ದುಡಿಯುವುದೂ ಆ ಹುಳಿಯಲ್ಲೇ. ಸೋಪು ಕ್ಷಾರ. ತಿಕ್ಕಿ ತಿಕ್ಕಿ ಸ್ನಾನ ಮಾಡಿದ ಮೇಲೆ ಮೈ ಬಿಗಿಯುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಹೊರಗಿನಿಂದ ಹಚ್ಚುವುದು ಒಂದು ದಾರಿಯಾಯಿತು. ಮೈಮೇಲೆ ಆಗಲೇ ಬಾಡಿಗೆಗಿರುವವರ ಕಥೆ ಏನು? ಪ್ರತಿಯೊಬ್ಬರ ಚರ್ಮದಲ್ಲೂ ಇರುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯಾದ ಬಳಿಯೂ ಅಂಥದ್ದೇ ಮಚ್ಚು ಇದೆ ಅಂತ 2022ರಲ್ಲಿ ವಿಜ್ಞಾನಿಗಳು ತೋರಿಸಿದರು. ಅದು ತನ್ನ ಹೊಟ್ಟೆಪಾಡಿಗೆ ನಮ್ಮ ಸ್ಫಿಂಗೊಮೈಲಿನ್ ಕತ್ತರಿಸುತ್ತದೆ, ಬಾಡಿಗೆಯ ಲೆಕ್ಕದಲ್ಲಿ ನಮಗೆ ಸೆರಮೈಡ್ ಉಳಿಯುತ್ತದೆ, ನೀರು ಸೋರುವುದು ಕಡಿಮೆಯಾಗುತ್ತದೆ. ಇಷ್ಟು ವರ್ಷ ಅದನ್ನು ಕೊಳೆ ಅಂತ ತೊಳೆಯುತ್ತ ಬಂದೆವು.

ಆದರೆ ನನ್ನ ಉಸಿರು ನಿಂತದ್ದು ಮೂರನೆಯ ದಾರಿಯಲ್ಲಿ. ಹೊಟ್ಟೆಗೆ ನುಂಗಿದ ಬ್ಯಾಕ್ಟೀರಿಯಾ ಕೆನ್ನೆಯ ಚರ್ಮಕ್ಕೆ ಹೇಗೆ ಸುದ್ದಿ ಕಳಿಸೀತು? ಕರುಳೆಲ್ಲಿ, ಕೆನ್ನೆಯೆಲ್ಲಿ! ಗೊರೂರಿನಲ್ಲಿ ಅಣೆಕಟ್ಟೆಯ ತೂಬು ತೆಗೆದರೆ ಎಲ್ಲೋ ದೂರದ ಗದ್ದೆಯಲ್ಲಿ ಪೈರು ತಲೆಯೆತ್ತುತ್ತದಲ್ಲ, ಹಾಗೆಯೇ ಇರಬೇಕು ಅಂದುಕೊಂಡೆ.

ಕೊರಿಯಾದಲ್ಲಿ 41ರಿಂದ 59 ವರ್ಷದೊಳಗಿನ 110 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಸಾವಿರ ಕೋಟಿ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್, ಅದರಲ್ಲೂ ಎಚ್‌ವೈ7714 ಎಂಬ ತಳಿ. ಇನ್ನೊಂದು ಗುಂಪಿಗೆ ಬರೀ ಪುಡಿ. ಯಾರಿಗೆ ಯಾವುದು ಅಂತ ತಿಂದವರಿಗೆ ಗೊತ್ತಿಲ್ಲ. 12 ವಾರ ಕಳೆದ ಮೇಲೆ ಅಳೆದರೆ, ಬ್ಯಾಕ್ಟೀರಿಯಾ ತಿಂದವರ ಮುಖದಲ್ಲೂ ಕೈಯಲ್ಲೂ ನೀರಿನಂಶ ಹೆಚ್ಚಿತ್ತು, ಸೋರಿಕೆ ಇಳಿದಿತ್ತು, ಸುಕ್ಕಿನ ಆಳ ತಗ್ಗಿತ್ತು. 2015ರಲ್ಲಿ ವರದಿಯಾಯಿತು. ಅದಕ್ಕೆ ಹಿಂದಿನ ವರ್ಷ ಕೂದಲಿಲ್ಲದ ಇಲಿಗಳ ಮೇಲೆ ಇದೇ ತಳಿಯನ್ನು ಪರೀಕ್ಷಿಸಿದಾಗ ಒಳಗಿನ ಗುಟ್ಟು ಸ್ವಲ್ಪ ಬಿಟ್ಟಿತ್ತು. ಸೆರಮೈಡ್ ಕಟ್ಟುವ ಕಿಣ್ವ ಚುರುಕಾಗಿ, ಕೆಡವುವ ಕಿಣ್ವ ತಣ್ಣಗಾಗಿತ್ತು. ತಿನ್ನಿಸಿದ್ದು ಬಾಯಿಗೆ, ಗಾರೆ ಕೆಲಸ ನಡೆದದ್ದು ಬೆನ್ನ ಮೇಲೆ!

ಜಪಾನಿನವರು ಹಿಡಿದದ್ದು ಕಳ್ಳನ ಜಾಡು. ನಾವು ತಿಂದ ಬೇಳೆ, ಮಾಂಸ, ಹಾಲಿನ ಪ್ರೋಟೀನಿನಲ್ಲಿ ಟೈರೋಸಿನ್ ಇದೆ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸಿ ಫೀನಾಲ್, ಪಿ-ಕ್ರೆಸಾಲ್ ಎಂಬ ವಸ್ತುಗಳನ್ನು ಮಾಡುತ್ತವೆ. ಫೀನಾಲ್ ಎಂದರೆ ನೆಲ ಒರೆಸುವ ಫಿನಾಯಿಲಿನ ಬಂಧುವೇ. ಇವು ರಕ್ತ ಸೇರಿ ಚರ್ಮಕ್ಕೆ ಬಂದು ಕೋಶಗಳು ಹದವಾಗಿ ಮಾಗುವುದಕ್ಕೆ ಅಡ್ಡಿ ಮಾಡುತ್ತವೆ. ಯಾಕುಲ್ಟ್ ಸಂಸ್ಥೆಯವರು 2013ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ 40 ಮಂದಿ ಹೆಂಗಸರಲ್ಲಿ ಕೆಲವರಿಗೆ ಬೈಫಿಡೋಬ್ಯಾಕ್ಟೀರಿಯಂ ಇರುವ ಹುದುಗಿದ ಹಾಲನ್ನು ನಾಲ್ಕು ವಾರ ಕುಡಿಸಿದರು. ಕುಡಿದವರಲ್ಲಿ ಫೀನಾಲ್ ಇಳಿಯಿತು. ಕುಡಿಯದವರ ಚರ್ಮ ಆ ವಾರಗಳಲ್ಲಿ ಒಣಗಿದಷ್ಟು ಇವರದ್ದು ಒಣಗಲಿಲ್ಲ.

ಇಲ್ಲಿ ಒಂದು ಗುಟುಕು ನೀರು ಕುಡಿಯೋಣ. ಎಚ್‌ವೈ ಅಂದರೆ ಯಾರು? ಕೊರಿಯಾದ ಯಾಕುಲ್ಟ್ ಕಂಪನಿ. ಜಪಾನಿನ ಪ್ರಯೋಗವೂ ಕಂಪನಿಯದ್ದೇ. ಮೊಸರು ಮಾರುವವಳು ತನ್ನ ಮೊಸರು ಹುಳಿ ಅಂತಾಳೆಯೇ? ಲೆಕ್ಕ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಮಡಿಕೆಯನ್ನು ತಟ್ಟಿ ನೋಡಿ ಕೊಳ್ಳಬೇಕು ಅಂತ ಅಷ್ಟೆ. 2018ರಲ್ಲಿ ಕಾಕ್ರೇನ್ ಸಂಸ್ಥೆಯವರು ಎಸ್ಜಿಮಾ, ಅಂದರೆ ಇಸುಬು ರೋಗಕ್ಕೆ ಪ್ರೋಬಯಾಟಿಕ್ ತಿನ್ನಿಸಿದ 39 ಪರೀಕ್ಷೆಗಳನ್ನು ಒಟ್ಟು ಹಾಕಿ ತೂಗಿದಾಗ, ರೋಗಿಗಳ ತುರಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆರೋಗ್ಯವಂತರ ಒಣ ಚರ್ಮ ಬೇರೆ, ರೋಗ ಬೇರೆ. ಬಿರಿದು ರಕ್ತ ಬರುವ ಹಿಮ್ಮಡಿಗೆ ಮೊಸರು ಮೆತ್ತಿಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ತೊಡಕಿದೆ. ವಿಶ್ವ ಆರೋಗ್ಯ ಸಂಸ್ಥೆಯ 2001ರ ವ್ಯಾಖ್ಯೆಯ ಪ್ರಕಾರ ಪ್ರೋಬಯಾಟಿಕ್ ಅನ್ನಿಸಿಕೊಳ್ಳಬೇಕಾದರೆ ಬ್ಯಾಕ್ಟೀರಿಯಾ ಬದುಕಿರಬೇಕು, ಸಾಕಷ್ಟಿರಬೇಕು, ಅದರಿಂದ ಉಪಯೋಗ ಸಾಬೀತಾಗಿರಬೇಕು. ಮನೆಯ ಮೊಸರಿನಲ್ಲಿ ಯಾವ ತಳಿ ಇದೆ ಅಂತ ಯಾರು ಕಂಡವರು? ಹೊಳೆನರಸೀಪುರದ ಒಂದೇ ಬೀದಿಯ ಹತ್ತು ಗಡಿಗೆಯಲ್ಲಿ ಹತ್ತು ಸಂಸಾರ. ತಮಾಷೆ ನೋಡಿ, ಇಟಲಿಯವರು ಕ್ರೀಮಿನಲ್ಲಿ ಬೆರೆಸಿದ್ದು ಒಡೆದ, ಸತ್ತ ಬ್ಯಾಕ್ಟೀರಿಯಾ. ಅದು ಪ್ರೋಬಯಾಟಿಕ್ಕೇ ಅಲ್ಲ! ಸತ್ತ ಮೇಲೂ ಮಚ್ಚು ಕೆಲಸ ಮಾಡುತ್ತಿತ್ತು.

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಒಂದು ಭಾನುವಾರ ಚನ್ನರಾಯಪಟ್ಟಣ ದಾಟಿ ಶ್ರವಣಬೆಳಗೊಳಕ್ಕೆ ಹೋದೆ. ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಮೇಲೆ ಹೋದರೆ, ಗೊಮ್ಮಟನ 58 ಅಡಿಯ ಆ ಮೈ! ಹತ್ತನೆಯ ಶತಮಾನದ ಕೊನೆಗೆ ಕಡೆದದ್ದು, ಸಾವಿರ ವರ್ಷ ಬಿಸಿಲಿಗೆ ಮಳೆಗೆ ನಿಂತ ಮೈ, ಇನ್ನೂ ಹೊಳೆಯುತ್ತಿದೆ. ಹನ್ನೆರಡು ವರ್ಷಕ್ಕೊಮ್ಮೆ ಅದಕ್ಕೆ ಹಾಲು, ಎಳನೀರು, ಕಬ್ಬಿನ ಹಾಲು, ಅರಿಸಿನ, ಗಂಧಗಳ ಸ್ನಾನ. ಕಳೆದ ಸಲ ನಡೆದದ್ದು 2018ರ ಫೆಬ್ರುವರಿಯಲ್ಲಿ. ಎದುರಿಗೆ ನೋಡಿದರೆ ಕೈಯಲ್ಲಿ ಪುಟ್ಟ ಪಾತ್ರೆ ಹಿಡಿದ ಮುದುಕಿಯ ವಿಗ್ರಹ. ಗುಳ್ಳಕಾಯಜ್ಜಿ.

ಕಥೆ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು. ಗಂಗರ ಮಂತ್ರಿ ಚಾವುಂಡರಾಯ ಕೊಡಗಟ್ಟಲೆ ಹಾಲು ಹೊಯ್ಯಿಸಿದ, ಅದು ತೊಡೆಯಿಂದ ಕೆಳಗೆ ಇಳಿಯಲೇ ಇಲ್ಲ. ಯಾರೋ ಬಡ ಮುದುಕಿ ಒಂದು ಗುಳ್ಳಕಾಯಿಯ ಬುರುಡೆಯಲ್ಲಿ ತಂದ ಹಾಲು ಹೊಯ್ದಳು. ಅದು ನೆತ್ತಿಯಿಂದ ಪಾದದವರೆಗೆ ತೊಯ್ಯಿಸಿ, ಬೆಟ್ಟ ಇಳಿದು, ಕೆಳಗೆ ಬಿಳಿಯ ಕೊಳವಾಯಿತು. ಬೆಳಗೊಳ ಆಯಿತು.

ಎಷ್ಟು ಸಲ ಕೇಳಿದ ಕಥೆ! ಅವತ್ತು ಮಾತ್ರ ಆ ಅಜ್ಜಿಯ ಕೈಯಲ್ಲಿ ನನಗೆ ಕಂಡದ್ದು ಹೆಪ್ಪಿನ ಬಟ್ಟಲು. ನಮ್ಮ ಮೈಚರ್ಮ ಹರವಿದರೆ ಎರಡು ಚದರ ಮೀಟರಿನ ಹತ್ತಿರ. ಒಂದು ಗ್ರಾಂ ಒಳ್ಳೆಯ ಮೊಸರಿನಲ್ಲಿ ಬದುಕಿರುವ ಬ್ಯಾಕ್ಟೀರಿಯಾ ಕಡಿಮೆಯೆಂದರೂ ಒಂದು ಕೋಟಿ. ಕೊಡಗಟ್ಟಲೆ ಹೊಯ್ದುಕೊಂಡ ನೀರು ಸ್ನಾನದ ಮನೆಯಲ್ಲೇ ಹರಿದುಹೋಗುತ್ತದೆ. ಎಲ್ಲೋ ಒಳಗೆ ಬಿದ್ದ ಒಂದು ಚಮಚ ಮುಖದವರೆಗೆ, ಮುಂಗೈಯವರೆಗೆ ಹಬ್ಬಬಹುದು. ಪಕ್ಕದಲ್ಲಿ ಗೈಡು ಹಿಂದಿಯಲ್ಲಿ ಏನೋ ವಿವರಿಸುತ್ತಿದ್ದ. ನಾನು ಮುದುಕಿಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಹೆಸರಿನ ಒಂದು ಕಾಕತಾಳೀಯವನ್ನೂ ಹೇಳದೆ ಬಿಡಲಾರೆ. ಗೊಮ್ಮಟನ ಚಾವುಂಡರಾಯನಲ್ಲದೆ ಇನ್ನೊಬ್ಬ ಚಾವುಂಡರಾಯನಿದ್ದ, ಚಾಲುಕ್ಯರ ಕಾಲದವ. 1025ರ ಸುಮಾರಿಗೆ 'ಲೋಕೋಪಕಾರ' ಎಂಬ ಕನ್ನಡ ಗ್ರಂಥ ಬರೆದ. ಅದರಲ್ಲಿ ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಮೊಸರಿನ ತಿಳಿಯಲ್ಲಿ ಕಲೆಸಿ ಇಡ್ಡಲಿಗೆ ಮಾಡುವ ವಿಧಾನವಿದೆ. ಬೇಳೆಗೂ ಮೊಸರಿಗೂ ಗಂಟು ಹಾಕಿದ ಕನ್ನಡಿಗನ ಕೈಗೆ ಸಾವಿರ ವರ್ಷ. ಒಬ್ಬ ಚಾವುಂಡರಾಯನ ಹಾಲು ಸಾಲದೆ ಹೋಯಿತು, ಇನ್ನೊಬ್ಬ ಮೊಸರಿನ ತಿಳಿಯನ್ನೂ ಚೆಲ್ಲಲಿಲ್ಲ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿ ದಡದ ಸುಬ್ರಹ್ಮಣ್ಯನಿಗೆ ಜಾತ್ರೆ ನಡೆಯುವುದು ಷಷ್ಠಿಗೆ. ಮೈ ಒಡೆಯುವ ಕಾಲವೂ ಅದೇ, ಚರ್ಮದ ಬೇನೆಗೆ ಹರಕೆ ಹೊತ್ತು ಜನ ಬರುವುದೂ ಅದೇ ದೇವರಿಗೆ. ಹಾಲಿನ ಅಭಿಷೇಕ ನಡೆಯುತ್ತಿರುತ್ತದೆ. ಇದರಲ್ಲಿ ವಿಜ್ಞಾನ ಹುಡುಕುವ ಹುಚ್ಚು ನನಗಿಲ್ಲ. ಸಾಲಿನಲ್ಲಿ ನಿಂತವರ ಮೊಣಕೈಗಳನ್ನು ಮಾತ್ರ ಈಗ ಬೇರೆ ಕಣ್ಣಿನಿಂದ ನೋಡುತ್ತೇನೆ.

ಬಸ್ಸು ಹೊಳೆನರಸೀಪುರ ಮುಟ್ಟಿದ ಆ ದಿನಕ್ಕೆ ಬರುತ್ತೇನೆ. ಅಜ್ಜಿ ಹೋಗಿ ಎಷ್ಟೋ ವರ್ಷ. ಮನೆ ಬೀಗ ತೆಗೆದು ಗುಡಿಸಿ ಒರೆಸುವಷ್ಟರಲ್ಲಿ ಹೇಮಾವತಿಯ ಕಡೆಯಿಂದ ಕುಳಿರ್ಗಾಳಿ ಶುರುವಾಯಿತು. ಹಾಲು ತಂದೆ, ಕಾಯಿಸಿದೆ, ಕಿರುಬೆರಳು ಅದ್ದಿ ಹತ್ತು ಎಣಿಸಿದೆ. ಹೆಪ್ಪು ಮಾತ್ರ ಇಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಿ, "ಅಕ್ಕಾ, ಒಂದು ಚಮಚ ಹೆಪ್ಪು ಕೊಡ್ತೀರಾ?" ಅಂದೆ.

"ದೀಪ ಹಚ್ಚಾಯ್ತಲ್ಲಪ್ಪ. ಈಗ ಮೊಸರು ಕೊಡಬಾರ್ದು."

ನನ್ನ ಮುಖ ನೋಡಿ ಅವರಿಗೇ ನಗು ಬಂತು. ಒಳಗೆ ಹೋಗಿ ಏಳೆಂಟು ಹಸಿಮೆಣಸಿನಕಾಯಿ ತಂದು ಕೊಟ್ಟರು. "ತೊಟ್ಟು ಮುರಿದು ಹಾಲಿಗೆ ಹಾಕು. ನಿಮ್ಮಜ್ಜೀನೂ ಹಂಗೇ ಮಾಡ್ತಿದ್ರು."

ಮೆಣಸಿನಕಾಯಿ ತೊಟ್ಟಿನ ಮೇಲೂ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಕೂತಿರುತ್ತವೆ. ತೊಟ್ಟುಗಳನ್ನು ಹಾಲಿಗೆ ಹಾಕಿದೆ. ಅಕ್ಕಿ ಡಬ್ಬ ಖಾಲಿಯಿತ್ತು, ಪಾತ್ರೆಗೆ ನನ್ನ ಸ್ವೆಟರನ್ನೇ ಸುತ್ತಿ ಹಾಸಿಗೆಯ ಕಾಲಬದಿಗೆ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಎದ್ದು ಓರೆ ಮಾಡಿ ನೋಡಿದರೆ ಅರ್ಧ ಹೆಪ್ಪಾಗಿ, ಅರ್ಧ ನೀರಾಗಿ, ನೂಲು ನೂಲಾಗಿ ಜಾರುತ್ತಿತ್ತು. ಮೂಗಿಗೆ ಹಿಡಿದರೆ ಮೆಣಸಿನಕಾಯಿ ವಾಸನೆ. ಮೊದಲ ಮೊಸರು ಹೀಗೇ ಇರುತ್ತದಂತೆ, ತಿನ್ನಬಾರದು, ಅದರಲ್ಲಿ ಒಂದು ಚಮಚ ತೆಗೆದು ಹೊಸ ಹಾಲಿಗೆ ಹಾಕಬೇಕು ಅಂತ ಅಕ್ಕ ಕಾಂಪೌಂಡಿನ ಆಚೆಯಿಂದ ಕೂಗಿ ಹೇಳಿದರು. ಮತ್ತೆ ಅಂಗಡಿಗೆ ಹೋಗಿ ಅರ್ಧ ಲೀಟರ್ ಹಾಲು ತಂದೆ.